ಬಿಚ್ಚುವ ಕ್ರಮ, ಕೂಡಿಸುವ ಕ್ರಮ

ಯಂತ್ರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ಅದರ ದೊಡ್ಡ ಭಾಗಗಳು. ತಿರುಗುವ ಗಾಲಿಯನ್ನೂ ಹಲ್ಲುಚಕ್ರವನ್ನೂ ಕಂಡು ಬೆರಗಾಗುವ ನಾವು, ಅವನ್ನೆಲ್ಲ ಒಂದಾಗಿ ಹಿಡಿದಿರುವ ತಿರುಪು, ನಟ್ಟು, ಬೋಲ್ಟು, ವಾಷರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಂತ್ರವನ್ನು ಬಿಚ್ಚಿದ ದಿನ ಮಾತ್ರ ಅವುಗಳ ಬೆಲೆ ತಿಳಿಯುತ್ತದೆ.

ಬೀಳಗಿ ಸೀಮೆಯಲ್ಲಿ ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಬೇಸಗೆಯಲ್ಲಿ ಕಬ್ಬಿಗೆ ನೀರುಣಿಸುವ ಪಂಪು ಕೆಟ್ಟರೆ ಅದನ್ನು ಬಾವಿಯ ದಂಡೆಯ ಮೇಲೆಯೇ ಬಿಚ್ಚುವುದುಂಟು. ಎರೆಮಣ್ಣಿನ ಬಿರುಕಿಗೆ ಬಿದ್ದ ನಟ್ಟು ಮತ್ತೆ ಕೈಗೆ ಸಿಕ್ಕುವುದು ಕಷ್ಟ. ಪೇಟೆಯಿಂದ ಅದೇ ಅಳತೆಯದನ್ನು ತರುವವರೆಗೆ ನೀರಿಲ್ಲದೆ ಬೆಳೆ ಬಾಡುತ್ತದೆ. ಅದು ಪಂಪಿನ ಒಳಗೇ ಉಳಿದರಂತೂ ನೀರನ್ನು ತಳ್ಳುವ ಚಕ್ರದ ರೆಕ್ಕೆಗಳನ್ನೇ ಮುರಿಯಬಹುದು. ಇನ್ನು ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಲ್ಲಿ ಲಾಳಿಯ ಹೊಡೆತಕ್ಕೆ ಚೌಕಟ್ಟು ಎಡೆಬಿಡದೆ ಅದುರುತ್ತಿರುತ್ತದೆ. ಅಂಥಲ್ಲಿ ಮರಳಿ ಹಾಕಲು ಮರೆತ ಒಂದು ವಾಷರು ನಟ್ಟು ಸಡಿಲಗೊಳ್ಳಲು ಕಾರಣವಾದೀತು.

ಕಳೆದುಹೋಗುವುದಕ್ಕಿಂತ ಅದಲುಬದಲಾಗುವುದು ಒಮ್ಮೊಮ್ಮೆ ಹೆಚ್ಚು ಅಪಾಯಕರ. ನೋಟಕ್ಕೆ ಅವಳಿಗಳಂತಿರುವ ಎರಡು ಬೋಲ್ಟುಗಳಲ್ಲಿ ಒಂದು ತುಸು ಉದ್ದವಾಗಿರಬಹುದು. ಗಿಡ್ಡದರ ಸ್ಥಾನದಲ್ಲಿ ಅದನ್ನು ಬಿಗಿದರೆ ತುದಿ ಒಳಗಿನ ಭಾಗವನ್ನು ಒತ್ತಿ ಸೀಳಬಹುದು. ಸೈಕಲ್ಲಿನ ಪೆಡಲುಗಳನ್ನೇ ನೋಡಿರಿ. ಬಲಗಡೆಯದು ಬಲಕ್ಕೆ ತಿರುಗಿಸಿದಾಗ ಬಿಗಿಯಾಗುತ್ತದೆ, ಎಡಗಡೆಯದು ಎಡಕ್ಕೆ. ಒಂದನ್ನು ಇನ್ನೊಂದರ ಜಾಗದಲ್ಲಿ ಬಲವಂತವಾಗಿ ಕೂಡಿಸಹೋದರೆ ತಿರುಪಿನ ಸುತ್ತುಗಳು ಕೆಟ್ಟುಹೋಗುತ್ತವೆ.

ಒಂದು ವಾಷರಿನ ಕೊರತೆ ಎಲ್ಲಿಗೆ ಮುಟ್ಟಬಹುದೆಂಬುದನ್ನು ಜಗತ್ತು 2007ರಲ್ಲಿ ಕಂಡಿತು. ಆ ವರ್ಷದ ಆಗಸ್ಟ್ 20ರಂದು ಜಪಾನಿನ ನಾಹಾ ನಿಲ್ದಾಣಕ್ಕೆ ಬಂದಿಳಿದ ಚೈನಾ ಏರ್‌ಲೈನ್ಸ್ ವಿಮಾನವೊಂದಕ್ಕೆ ಬೆಂಕಿ ಹತ್ತಿತು. ಅದರ ರೆಕ್ಕೆಯೊಳಗೆ ಕಳಚಿಬಿದ್ದಿದ್ದ ಬೋಲ್ಟೊಂದು ಇಂಧನದ ತೊಟ್ಟಿಯನ್ನು ತೂತುಮಾಡಿತ್ತು. ಆ ಬೋಲ್ಟನ್ನು ತಡೆಹಿಡಿಯಬೇಕಾಗಿದ್ದ ವಾಷರು ಕೆಲವು ವಾರಗಳ ಹಿಂದೆ ನಡೆದ ದುರಸ್ತಿಯ ನಂತರ ಅದರ ಸ್ಥಾನದಲ್ಲಿರಲಿಲ್ಲ. ವಿಮಾನದಲ್ಲಿದ್ದ 165 ಮಂದಿಯೂ ಸಕಾಲದಲ್ಲಿ ಇಳಿದು ಬದುಕಿಕೊಂಡರು. ವಿಮಾನ ಸುಟ್ಟುಹೋಯಿತು.

ಇಂಥ ಅನಾಹುತವನ್ನು ತಡೆಯಲು ಬೆಲೆಬಾಳುವ ಸಲಕರಣೆಗಳು ಬೇಕಿಲ್ಲ. ಬಿಚ್ಚುವ ಮೊದಲು ನೆಲಕ್ಕೆ ಬಿಳಿಯ ಬಟ್ಟೆಯೊಂದನ್ನು ಹಾಸಬೇಕು. ಬಿಚ್ಚಿದವುಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತ ಹೋದರೆ, ಕೂಡಿಸುವಾಗ ಬಲದಿಂದ ಎಡಕ್ಕೆ ತೆಗೆದುಕೊಳ್ಳುತ್ತ ಬರಬಹುದು. ಕೊನೆಗೆ ಬಿಚ್ಚಿದ್ದು ಸಾಮಾನ್ಯವಾಗಿ ಮೊದಲು ಕೂಡುತ್ತದೆ. ಬೋಲ್ಟಿನಿಂದ ತೆಗೆದ ನಟ್ಟು, ವಾಷರುಗಳನ್ನು ಅದೇ ಬೋಲ್ಟಿಗೆ ಅದೇ ಕ್ರಮದಲ್ಲಿ ಪೋಣಿಸಿಡುವುದು ಒಳ್ಳೆಯದು. ರಟ್ಟಿನ ಮೇಲೆ ಯಂತ್ರದ ಆಕಾರವನ್ನು ಬರೆದು, ತೂತು ಕೊರೆದು, ಆಯಾ ತಿರುಪನ್ನು ಆಯಾ ಸ್ಥಾನದಲ್ಲಿ ಚುಚ್ಚಿಡುವುದು ಇನ್ನೂ ಉತ್ತಮ. ಕೈಯಲ್ಲಿ ಮೊಬೈಲ್ ಇದ್ದರೆ ಹಂತಹಂತಕ್ಕೂ ಚಿತ್ರ ತೆಗೆದುಕೊಳ್ಳಬಹುದು. ಕೆಳಗೆ ಬಿದ್ದ ಉಕ್ಕಿನ ತಿರುಪನ್ನು ಅಯಸ್ಕಾಂತ ಹುಡುಕಿಕೊಟ್ಟೀತು. ಹಿತ್ತಾಳೆಯದನ್ನು ಮಾತ್ರ ಕಣ್ಣೇ ಹುಡುಕಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಎಣಿಕೆ. ಬಿಚ್ಚಿದ್ದು ಹನ್ನೆರಡಾದರೆ ಕೂಡಿಸಿದ್ದೂ ಹನ್ನೆರಡೇ ಆಗಬೇಕು. ಕೆಲಸ ಮುಗಿದ ಮೇಲೆ ಒಂದು ಉಳಿದರೆ ಅದನ್ನು ಜೇಬಿಗಿಳಿಸಿ ಸುಮ್ಮನಾಗುವುದು ಸಲ್ಲದು. ಯಂತ್ರವನ್ನು ಮತ್ತೆ ಬಿಚ್ಚಿ, ಅದರ ಮನೆ ಯಾವುದೆಂದು ಕಂಡುಕೊಳ್ಳಬೇಕು. ಇದಕ್ಕೆ ಒಂದು ಗಂಟೆ ಹೆಚ್ಚು ಹಿಡಿದೀತು. ಆದರೆ ಆ ಯಂತ್ರದ ಬಳಿ ನಾಳೆ ನಿಂತು ದುಡಿಯುವವನು ಅದರ ಒಳಗನ್ನು ಕಾಣಲಾರನು. ಬಿಚ್ಚಿದವನ ಪ್ರಾಮಾಣಿಕತೆಯನ್ನು ನಂಬಿಯೇ ಅವನು ಗುಂಡಿಯನ್ನು ಒತ್ತುತ್ತಾನೆ.