ಮಧ್ಯಾಹ್ನದ ಪಂಕ್ತಿಯಲ್ಲಿ ಮಕ್ಕಳು ಕಲಿಯುವ ಪಾಠ

ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ವಯಸ್ಸು ಪ್ರಶ್ನೆಗಳ ವಯಸ್ಸು. ಒಂದು ಮನೆಯಲ್ಲಿ ಉಳಿದ ಅನ್ನ ಹಳಸಿಹೋಗುತ್ತಿರುವಾಗ ಪಕ್ಕದ ಓಣಿಯ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಇದೇಕೆ ಎಂದು ಮಗು ಕೇಳತೊಡಗುವುದು ಈ ಕಾಲದಲ್ಲಿಯೇ. ಆಗ ಹಿರಿಯರಾದ ನಾವು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ ಬಗೆಯದು: ಮಳೆಯಿಲ್ಲ, ಬೆಳೆಯಿಲ್ಲ, ಅವರ ಹಣೆಬರಹ ಹಾಗಿದೆ. ಈ ಉತ್ತರ ಸಾಲದು. ಅಷ್ಟೇ ಅಲ್ಲ, ಅದು ಪೂರ್ಣ ಸತ್ಯವೂ ಅಲ್ಲ.

ಕ್ರಿ.ಶ. 1943ರಲ್ಲಿ ಬಂಗಾಳದಲ್ಲಿ ಘೋರ ಕ್ಷಾಮ ತಲೆದೋರಿ ಲಕ್ಷಾಂತರ ಜನ ಮಡಿದರು. ಅದನ್ನು ಕಣ್ಣಾರೆ ಕಂಡ ಒಂಬತ್ತು ವರ್ಷದ ಬಾಲಕನೊಬ್ಬನು ಮುಂದೆ ಅರ್ಥಶಾಸ್ತ್ರಜ್ಞನಾಗಿ ಆ ಕ್ಷಾಮದ ಲೆಕ್ಕವನ್ನು ಮತ್ತೆ ಪರಿಶೀಲಿಸಿದನು. 1998ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅಮರ್ತ್ಯ ಸೇನರೇ ಆ ಬಾಲಕ. 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ತೋರಿಸಿದ್ದೇನೆಂದರೆ, 1943ರಲ್ಲಿ ಬಂಗಾಳದಲ್ಲಿದ್ದ ಆಹಾರ 1941ರಲ್ಲಿದ್ದುದಕ್ಕಿಂತ ಕಡಿಮೆಯಾಗಿರಲಿಲ್ಲ; ಆದರೆ 1941ರಲ್ಲಿ ಕ್ಷಾಮವಿರಲಿಲ್ಲ. ಯುದ್ಧಕಾಲದಲ್ಲಿ ಅಕ್ಕಿಯ ಬೆಲೆ ಗಗನಕ್ಕೇರಿತು, ಕೂಲಿ ಮಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ. ಧಾನ್ಯವಿದ್ದೂ ಕೊಳ್ಳುವ ಶಕ್ತಿಯಿಲ್ಲದೆ ಕೂಲಿಕಾರರೂ ಮೀನುಗಾರರೂ ಸತ್ತರು.

ನಮ್ಮ ನಾಡಿನ ಕಥೆಯೂ ಇದಕ್ಕಿಂತ ದೂರವಲ್ಲ. 1876ರಿಂದ 1878ರವರೆಗೆ ಕಾಡಿದ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟು ಜನ ಅಳಿದರೆಂದು ಅಂದಾಜು. ಮಳೆ ಕೈಕೊಟ್ಟಿದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿದ್ದುದೂ ಅಷ್ಟೇ ನಿಜ. ಹಸಿವಿಗೆ ಅಭಾವವೊಂದೇ ಕಾರಣವಲ್ಲ, ಅನ್ಯಾಯವೂ ಕಾರಣವೆಂಬುದನ್ನು ಹನ್ನೆರಡು ವರ್ಷದ ಮಗು ಇಂತಹ ಕಥನಗಳಿಂದ ಸುಲಭವಾಗಿ ಗ್ರಹಿಸಬಲ್ಲದು.

ಈ ತತ್ತ್ವ ನಮ್ಮವರಿಗೆ ಹೊಸದೇನಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವರ ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಪ್ರಸಂಗ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇದನ್ನು ನಾವು ಸಾಮಾನ್ಯವಾಗಿ ನಿರಾಶೆಯ, ವೈರಾಗ್ಯದ ಕಥೆಯಾಗಿ ಹೇಳುತ್ತೇವೆ. ನ್ಯಾಯದ ಕಥೆಯಾಗಿಯೂ ಅದನ್ನು ಹೇಳಬೇಕು. ನನಗೆ ಬೇಕಾದುದಕ್ಕಿಂತ ಹೆಚ್ಚಾಗಿ ನನ್ನ ಮಡಿಲಿಗೆ ಬಂದದ್ದು ಇನ್ನಾರದೋ ಪಾಲು ಎಂಬ ಅರಿವು ಆ ಬಡ ದಂಪತಿಗಳಿಗಿತ್ತು.

ಇನ್ನು ಶಾಲೆಯ ಊಟದ ಮಾತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರದ ಯೋಜನೆ ಆರಂಭವಾದಾಗ ಬಹುತೇಕ ರಾಜ್ಯಗಳಲ್ಲಿ ಮಕ್ಕಳಿಗೆ ದೊರೆತದ್ದು ತಿಂಗಳಿಗೆ ಮೂರು ಕಿಲೋ ಧಾನ್ಯ ಮಾತ್ರ. ಬಿಸಿಯೂಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆದೇಶಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾಗಿ ಅನಂತರ ನಾಡಿನಾದ್ಯಂತ ಹಬ್ಬಿತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಎಂಟನೆಯ ತರಗತಿಯವರೆಗಿನ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಈ ಊಟ ಹಕ್ಕು. ಊಟ ಸಿಗದಿದ್ದರೆ ಆಹಾರ ಭದ್ರತಾ ಭತ್ಯೆಯನ್ನು ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಆದುದರಿಂದ ಇದನ್ನು ಭಿಕ್ಷೆಯೆಂದು ಕರೆಯುವುದು ಕಾನೂನಿಗೂ ಸಲ್ಲದು, ದಾಸೋಹವೆಂಬ ಹೆಸರಿಗೂ ಸಲ್ಲದು. ದಾಸೋಹದಲ್ಲಿ ನೀಡುವವನೇ ದಾಸ, ಉಣ್ಣುವವನು ಕೀಳಲ್ಲ.

ಈ ಊಟವೇ ಮಾಧ್ಯಮಿಕ ತರಗತಿಗಳಿಗೆ ಒಳ್ಳೆಯ ಪಠ್ಯವಾಗಬಲ್ಲದು. ಆರರಿಂದ ಎಂಟನೆಯ ತರಗತಿಯ ಮಗುವಿಗೆ ಒಂದು ಹೊತ್ತಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂಬುದು ಯೋಜನೆಯ ನಿಯಮ. ಅದರಿಂದ 700 ಕ್ಯಾಲೊರಿ ಶಕ್ತಿಯೂ 20 ಗ್ರಾಂ ಪ್ರೋಟೀನೂ ದೊರೆಯಬೇಕು. ಅರವತ್ತು ಮಕ್ಕಳಿಗೆ ಒಂಬತ್ತು ಕಿಲೋ ಅಕ್ಕಿ, ಒಂದು ಕಿಲೋ ಎಂಟುನೂರು ಗ್ರಾಂ ಬೇಳೆ, ನಾಲ್ಕೂವರೆ ಕಿಲೋ ತರಕಾರಿ ಎಂದು ಮಕ್ಕಳೇ ಲೆಕ್ಕ ಹಾಕಲಿ. ಬೇಳೆ ಸಾರಿನಲ್ಲಿ ಬೇಳೆ ಕಾಣುತ್ತಿದೆಯೇ ಎಂದು ಅವರೇ ನೋಡಲಿ. ಅಕ್ಕಿ ಯಾರ ಗದ್ದೆಯದು, ಬೆಳೆದವನಿಗೆ ಸಿಕ್ಕಿದ ಬೆಲೆಯೆಷ್ಟು, ಬೇಯಿಸಿದ ತಾಯಿಗೆ ಸಂಬಳದ ಬದಲು ಗೌರವಧನ ಮಾತ್ರ ಏಕೆ ಎಂದು ಕೇಳಲಿ. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ತಟ್ಟೆಯಲ್ಲಿವೆ.

ಆದರೆ ಶಾಲೆ ಕಲಿಸಿದ್ದನ್ನು ಮನೆ ಅಳಿಸಿಬಿಡಬಹುದು. ದಲಿತ ತಾಯಿಯೊಬ್ಬಳು ಅಡುಗೆ ಮಾಡಿದಳೆಂಬ ಕಾರಣಕ್ಕೆ ಮಕ್ಕಳನ್ನು ಊಟದಿಂದ ತಡೆದ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿಯೇ ನಾವು ಓದಿದ್ದೇವೆ. ಕಲ್ಯಾಣದ ಶರಣರ ಹೆಸರು ಹೇಳುವ ಮನೆಗಳಿಂದ ಇಂತಹ ಮಾತು ಬರಕೂಡದು. ಕುಲ ಕೇಳದೆ ಪ್ರಸಾದ ಹಂಚಿದ ಪರಂಪರೆಗೆ ವಾರಸುದಾರರೆಂದು ಹೇಳಿಕೊಂಡು, ಬಿಸಿಯೂಟದ ಪಂಕ್ತಿಯಲ್ಲಿ ಕುಲ ಕೇಳಿದರೆ ಮಗು ಯಾವುದನ್ನು ನಂಬಬೇಕು? ಪಂಕ್ತಿಭೇದ ಹೊಟ್ಟೆಗೆ ಹಾಕುವ ಹಸಿವಿಗಿಂತ ಮನಸ್ಸಿಗೆ ಹಾಕುವ ಗಾಯ ದೊಡ್ಡದು.

ಮೊಟ್ಟೆಯ ವಿಚಾರವನ್ನೂ ಮುಚ್ಚಿಡದೆ ಹೇಳುವುದು ಲೇಸು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಮಗೆ ಮೊಟ್ಟೆ ಬೇಕೆಂದು ಶಾಲಾ ಮಕ್ಕಳೇ ಮುಂದೆ ಬಂದು ಮಾತನಾಡಿದರು. ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ವ್ಯವಸ್ಥೆಯಾಯಿತು. ನಮ್ಮ ಮನೆಯ ಆಹಾರ ನಿಯಮವನ್ನು ನಾವು ಶ್ರದ್ಧೆಯಿಂದ ಪಾಲಿಸೋಣ. ನಮ್ಮ ಮಗು ಬಾಳೆಹಣ್ಣನ್ನೇ ತಿನ್ನಲಿ. ಆದರೆ ಪಕ್ಕದಲ್ಲಿ ಕುಳಿತ ಕೃಶ ಮಗುವಿನ ತಟ್ಟೆಯಿಂದ ಅದರ ಪೌಷ್ಟಿಕ ಆಹಾರವನ್ನು ತೆಗೆಸುವ ಅಧಿಕಾರವನ್ನು ನಮ್ಮ ನಿಯಮ ನಮಗೆ ಕೊಡುವುದಿಲ್ಲವೆಂದು ನಾವು ನಂಬಿದ್ದೇವೆ. ಇಬ್ಬರೂ ಒಂದೇ ಸಾಲಿನಲ್ಲಿ, ಪರಸ್ಪರ ಹೀಯಾಳಿಸದೆ ಉಣ್ಣುವುದೇ ಕಲಿಯಬೇಕಾದ ಪಾಠ.

ಮನೆಯಲ್ಲಿ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮಗು ತನಗೆ ಬೇಕಾದಷ್ಟನ್ನೇ ಬಡಿಸಿಕೊಂಡು ತಟ್ಟೆ ಬರಿದು ಮಾಡಿ ಏಳಲಿ. ಲಗ್ನ, ಗೃಹಪ್ರವೇಶಗಳಲ್ಲಿ ಭಕ್ಷ್ಯಗಳ ಸಂಖ್ಯೆಯನ್ನು ಇಳಿಸಿ, ಉಳಿದ ಅಡುಗೆ ಕೆಡುವ ಮುನ್ನ ತಲುಪಬೇಕಾದಲ್ಲಿಗೆ ತಲುಪುವಂತೆ ಮೊದಲೇ ಏರ್ಪಾಡು ಮಾಡೋಣ; ಆ ಹೊಣೆಯನ್ನು ಮನೆಯ ಹುಡುಗ ಹುಡುಗಿಯರಿಗೇ ಒಪ್ಪಿಸೋಣ. ನಮ್ಮ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಿದ್ದರೂ ಊರಿನ ಸರ್ಕಾರಿ ಶಾಲೆಗೆ ಅವರನ್ನು ಒಮ್ಮೆ ಕರೆದೊಯ್ದು ಎಲ್ಲರೊಡನೆ ಪಂಕ್ತಿಯಲ್ಲಿ ಕೂರಿಸಿ, ಬಡಿಸಲೂ ಹಚ್ಚೋಣ. ಅಡುಗೆಯ ತಾಯಂದಿರನ್ನು ಅಕ್ಕ, ಅವ್ವ ಎಂದು ಕರೆಯುವುದನ್ನು ಅವರು ಅಲ್ಲಿಯೇ ಕಲಿಯಲಿ.

ದಾಸೋಹದ ಬಗ್ಗೆ ನಮ್ಮ ವೇದಿಕೆಗಳಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಶರಣ ಬಂಧುಗಳು ಈ ಶೈಕ್ಷಣಿಕ ವರ್ಷದಲ್ಲಿ ತಮ್ಮ ಊರಿನ ಶಾಲೆಯ ಅಡುಗೆಮನೆಯ ಬಾಗಿಲಿಗೆ ಒಂದು ದಿನವಾದರೂ ಮಕ್ಕಳೊಡನೆ ಹೋಗಿ ಬರಬೇಕೆಂಬುದಷ್ಟೇ ನಮ್ಮ ವಿನಂತಿ.