ಬಟಾಣಿಯೊಳಗೆ ಅವಿತ ಗುಣ

ಅಪ್ಪನ ರಕ್ತ ‘ಎ’ ಗುಂಪು, ಅಮ್ಮನದು ‘ಬಿ’. ಮಗನದು ‘ಓ’! ಶಾಲೆಯಲ್ಲಿ ನಡೆದ ರಕ್ತ ತಪಾಸಣೆಯ ಚೀಟಿ ಹಿಡಿದು ಬಂದ ಹುಡುಗನಿಗೆ ಗಲಿಬಿಲಿ. ಪರೀಕ್ಷೆ ಮಾಡಿದವರೇ ಎಡವಿರಬೇಕೆಂದು ಮನೆಯವರ ತೀರ್ಮಾನ. ಆದರೆ ಯಾರೂ ಎಡವಿರಬೇಕಿಲ್ಲ. ಉತ್ತರವಿರುವುದು ಅವನು ಪರೀಕ್ಷೆಗೆಂದು ಉರು ಹೊಡೆಯುವ ಎರಡು ಪದಗಳಲ್ಲಿ: ಪ್ರಬಲ ಮತ್ತು ದುರ್ಬಲ.

ತೊಡಕಿರುವುದು ಎರಡನೆಯ ಪದದಲ್ಲಿ. ‘ದುರ್ಬಲ’ ಎಂದೊಡನೆ ಸೋತು ಅಳಿದುಹೋಗುವುದು ಎಂದೇ ಮಕ್ಕಳ ಊಹೆ. ಗ್ರೆಗರ್ ಮೆಂಡೆಲ್ ಬಳಸಿದ ಮೂಲ ಪದದ ಅರ್ಥ ‘ಹಿಂದೆ ಸರಿಯುವ’ ಎಂದಷ್ಟೆ. ಕೆಲವರು ಹೇಳುವ ‘ಸುಪ್ತ’ ಎಂಬ ಪದವೇ ಇದಕ್ಕೆ ಹೆಚ್ಚು ಹತ್ತಿರ.

ಬ್ರನೊ ನಗರದ ಮಠದ ತೋಟದಲ್ಲಿ ಈ ಪಾದ್ರಿ ದುಂಡು ಬಟಾಣಿಯನ್ನೂ ಸುಕ್ಕು ಬಟಾಣಿಯನ್ನೂ ಅಡ್ಡಹಾಯಿಸಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ದುಂಡಗಿದ್ದವು. ಸುಕ್ಕು ಮಾಯವಾಯಿತೆ? ಅವನ್ನೇ ಬಿತ್ತಿ, ಗಿಡಗಳು ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟಾಗ ಸಿಕ್ಕ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಪ್ರಕಟವಾದ ಈ ಲೆಕ್ಕಕ್ಕೆ ಆಗ ಕಿವಿಗೊಟ್ಟವರು ವಿರಳ.

ಸಾಮಾನ್ಯವಾಗಿ ಪ್ರತಿ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಆ ಅಪ್ಪನಲ್ಲಿ ‘ಎ’ ಜೊತೆಗೆ, ಅಮ್ಮನಲ್ಲಿ ‘ಬಿ’ ಜೊತೆಗೆ ‘ಓ’ ಅವಿತಿರಬಹುದು. ಇಬ್ಬರಿಂದಲೂ ‘ಓ’ ಬಂದರೆ ಮಗನದು ‘ಓ’ ಗುಂಪು. ಅಂದ ಹಾಗೆ, ಪ್ರಬಲವಾದುದೇ ಜನರಲ್ಲಿ ಹೆಚ್ಚು ಎಂದೇನಿಲ್ಲ. ಕೈಯಲ್ಲಿ ಆರು ಬೆರಳಿರುವುದು ಹಲವು ಕುಟುಂಬಗಳಲ್ಲಿ ಪ್ರಬಲ ಗುಣವಾಗಿಯೇ ಇಳಿದು ಬರುತ್ತದೆ; ಆದರೂ ಅಪರೂಪ. ದುರ್ಬಲವೆನಿಸಿದ ‘ಓ’ ಗುಂಪಿನವರಾದರೋ ನಮ್ಮಲ್ಲಿ ಬೇಕಾದಷ್ಟು.

ಇದು ಅಂಕಪಟ್ಟಿಗಷ್ಟೇ ಸೇರಿದ ವಿಷಯವಲ್ಲ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯೂ ಹೀಗೆಯೇ ಅವಿತು ಬರುತ್ತದೆ. ದೋಷವಿರುವ ಒಂದೇ ಪ್ರತಿ ಇರುವವರನ್ನು ‘ವಾಹಕರು’ ಎನ್ನುತ್ತಾರೆ. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ವಾಹಕರಿಬ್ಬರು ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬಂದು ಉಳಿದ ಮೂವರು ಪಾರು ಎಂದು ಇದರರ್ಥವಲ್ಲ. ಪ್ರತಿ ಬಸಿರಿನಲ್ಲೂ ಲೆಕ್ಕ ಹೊಸದಾಗಿಯೇ ಶುರು. ಮೊದಲ ಮಗುವಿಗೆ ಕಾಯಿಲೆ ಬಂದಿದೆ, ಇನ್ನು ಭಯವಿಲ್ಲ ಎಂದುಕೊಳ್ಳುವ ತಂದೆತಾಯಿ ಎಡವುವುದು ಇಲ್ಲಿಯೇ. ತಾವು ವಾಹಕರೇ ಎಂಬುದನ್ನು ಮದುವೆಗೆ ಮುಂಚೆಯೇ ರಕ್ತಪರೀಕ್ಷೆಯಿಂದ ತಿಳಿಯಬಹುದು.