ಪಿಕಪ್ ತಗ್ಗಿಸಿದೆವು, ಶಾಫ್ಟ್ ಹೊಡೆಯಿತು

ಹಳೇ ಪಿಕಪ್ ಇಟ್ಟುಕೊಂಡಿರುವ ರೈತರು ಈಗ ಊರೂರಲ್ಲೂ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಮ್ಮ ಮನೆಯಲ್ಲಿ ಆದ ಒಂದು ತಪ್ಪನ್ನು ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಪೆಟ್ಟು ತಿಂದ ಮೇಲೆ ಗಾಡಿ ಕೆಳಗೆ ಮಲಗಿ, ಟೇಪು ಹಿಡಿದು ಕಲಿತದ್ದಷ್ಟೇ ಇಲ್ಲಿದೆ.

ನಮ್ಮ ದೊಡ್ಡಆಲಹಳ್ಳಿ ಕನಕಪುರದಿಂದ ಸಂಗಮ, ಮೇಕೆದಾಟು ಕಡೆಗೆ ಹೋಗುವ ದಾರಿಯಲ್ಲಿದೆ. ನಮ್ಮದು ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅವರೆ, ಜೊತೆಗೆ ಒಂದಿಪ್ಪತ್ತು ಕುರಿ. ಬಾಡಿಗೆ ಗಾಡಿಗೆ ಕಾದು ಸಾಕಾಗಿ ಒಂದು ಟನ್ ಹೊರುವ ಹಳೇ ಪಿಕಪ್ ತಗೊಂಡೆವು. ಎಂಜಿನ್ ಗಟ್ಟಿಯಾಗಿತ್ತು. ತೊಂದರೆ ಇದ್ದದ್ದು ಒಂದೇ, ತೊಟ್ಟಿ ಎತ್ತರ. ನೆಲದಿಂದ ತೊಟ್ಟಿಗೆ 31 ಇಂಚು. ಐವತ್ತು ಕೆಜಿ ರಾಗಿ ಚೀಲವನ್ನು ಅಷ್ಟೆತ್ತರ ಎತ್ತಿ ಹಾಕುವುದು ಐವತ್ತು ದಾಟಿದ ಸೊಂಟಕ್ಕೆ ಸುಲಭವಲ್ಲ. ಕುರಿ ಹತ್ತಿಸುವುದೂ ಕಷ್ಟ.

ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅಮೆರಿಕದಲ್ಲಿ 1950-60ರ ದಶಕದ ಫೋರ್ಡ್, ಷೆವ್ರೊಲೆ ಪಿಕಪ್ಪುಗಳನ್ನು ನೆಲಕ್ಕೆ ತಾಗುವ ಹಾಗೆ ತಗ್ಗಿಸುವುದು ಒಂದು ಶೋಕಿಯಂತೆ. "ನಮ್ದೂ ಒಂದೆರಡು ಇಂಚು ಇಳಿಸ್ಬೋದು ಕಣಪ್ಪ, ತುಂಬೋಕೆ ಸಲೀಸು" ಅಂದ. ನನಗೂ ಹೌದು ಅನ್ನಿಸಿತು.

ನನ್ನ ಹೆಂಡತಿ ಮಾತ್ರ, "ಎತ್ತಿನ ಗಾಡೀಗೆ ಗೊಬ್ರ ತುಂಬೋವಾಗ ದಿಬ್ಬಕ್ಕೆ ಒತ್ತಿ ನಿಲ್ಲಿಸ್ತಿರಲಿಲ್ವಾ? ಇದನ್ನೂ ಹಂಗೇ ನಿಲ್ಸಿ. ಗಾಡಿ ಯಾಕೆ ಬಿಚ್ತೀರಿ?" ಅಂದಳು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಏನು ಮಾಡಿಸಿದೆವು

ಒಂದು ಗ್ಯಾರೇಜಿನಲ್ಲಿ ಹಿಂದಿನ ಎರಡೂ ಕಡೆಯ ಕಮಾನು ಪ್ಲೇಟಿನ ಕಟ್ಟಿನಿಂದ ಎರಡೆರಡು ಪ್ಲೇಟು ತೆಗೆದರು. ಖಾಲಿ ಗಾಡಿ ಒಂದೂವರೆ ಇಂಚು ಇಳಿಯಿತು. ಲೋಡು ಹಾಕಿದಾಗ ಆಕ್ಸಲ್ ಮೇಲೆ ಬಂದು ಛಾಸಿ ಕೆಳಗಿನ ಬಂಪ್ ರಬ್ಬರಿಗೆ ಧಡ್ ಧಡ್ ಎಂದು ಗುದ್ದತೊಡಗಿತು. ವಾಪಸ್ ಹೋಗಿ ಹೇಳಿದೆವು. ಆ ರಬ್ಬರನ್ನೇ ಕಿತ್ತು ಹಾಕಿದರು. ಸದ್ದು ನಿಂತಿತು. ನಾವು ಖುಷಿಯಾಗಿ ಮನೆಗೆ ಬಂದೆವು. ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ ಎಂದು ಆಗ ಗೊತ್ತಾಗಲಿಲ್ಲ.

ಖಾಲಿ ಗಾಡಿ ಚೆನ್ನಾಗಿಯೇ ಓಡಿತು. ಲೋಡು ಹಾಕಿ ಹಳ್ಳ, ಹಂಪು ದಾಟುವಾಗ ಮಾತ್ರ ತೊಟ್ಟಿ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ ಒಂದು ಟಕ್ ಸದ್ದು. ಕಲ್ಲು ಹಾರಿರಬೇಕು ಅಂದುಕೊಂಡೆವು. ಮೂರನೇ ವಾರ 20 ಚೀಲ ರಾಗಿ ಹೇರಿಕೊಂಡು ಕನಕಪುರಕ್ಕೆ ಹೊರಟೆವು. ಮಗ ಓಡಿಸುತ್ತಿದ್ದ. ಪಕ್ಕದಲ್ಲಿ ನಾನು, ನನ್ನ ಹೆಂಡತಿ. ಒಂದು ಇಳಿಜಾರಿನಲ್ಲಿ ಗುಂಡಿಗೆ ಇಳಿದದ್ದೇ ತಡ, ಕೆಳಗಿನಿಂದ ಢಣಾರ್ ಎಂದು ಶಬ್ದ. ಹಿಂದಿನ ಯು-ಜಾಯಿಂಟ್ ಕ್ರಾಸ್ ಮುರಿದು ಪ್ರೊಪೆಲ್ಲರ್ ಶಾಫ್ಟಿನ ತುದಿ ಕಳಚಿ ಬಿದ್ದಿತ್ತು. ಅದು ತಿರುಗುತ್ತಲೇ ಆಕ್ಸಲ್ ಮೇಲಿನ ಬ್ರೇಕ್ ಪೈಪನ್ನು ಹರಿದು ಹಾಕಿತು. ಶಾಫ್ಟ್ ಕಳಚಿದರೆ ಗೇರಿನಲ್ಲಿದ್ದರೂ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ. ಬ್ರೇಕೂ ಅರ್ಧಂಬರ್ಧ. ಮಗ ಗಾಡಿಯನ್ನು ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸಿದ. ಹೆಂಡತಿಯ ಮುಂಗೈ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪಟ್ಟಿ. ಎದುರಿಗೆ ಬಸ್ಸು ಬಂದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಶಾಫ್ಟ್ ಯಾಕೆ ಮೇಲೇಳುತ್ತದೆ

ರಿಪೇರಿಗೆ ಕನಕಪುರದ ಒಬ್ಬ ವಯಸ್ಸಾದ ಮೇಸ್ತ್ರಿಯ ಬಳಿ ಹೋದೆವು. ಅವರು ಬೈಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ತೋರಿಸಿದರು.

ಎಂಜಿನ್ ಮುಂದೆ ಇದ್ದು ಹಿಂದಿನ ಗಾಲಿಗೆ ಎಳೆತ ಇರುವ ಗಾಡಿಗಳಲ್ಲೆಲ್ಲ ನಡುವೆ ಒಂದು ಉದ್ದ ಶಾಫ್ಟ್ ಇರುತ್ತದೆ. 1988ರಲ್ಲಿ ಬಂದ ಟಾಟಾಮೊಬೈಲ್ 206 ಆಗಲಿ, ಹಳೇ ಜೀಪಿನ ಪಿಕಪ್ ಆಗಲಿ, ಲೆಕ್ಕ ಒಂದೇ. ಟೆಂಪೊ ಮ್ಯಾಟಡಾರ್‌ಗೆ ಮುಂದಿನ ಗಾಲಿಗೇ ಎಳೆತ ಇತ್ತು. ಹಿಂದಕ್ಕೆ ಶಾಫ್ಟೇ ಇಲ್ಲದ್ದರಿಂದ ಅದರ ತೊಟ್ಟಿ ತಗ್ಗಾಗಿತ್ತು. ನಮ್ಮ ಗಾಡಿ ಹಾಗಲ್ಲ.

ಶಾಫ್ಟಿನ ಮುಂದಿನ ತುದಿ ಗೇರ್ ಬಾಕ್ಸಿಗೆ ಸೇರಿದೆ, ಅದು ಛಾಸಿ ಜೊತೆ ಇರುತ್ತದೆ. ಹಿಂದಿನ ತುದಿ ಆಕ್ಸಲ್‌ಗೆ ಸೇರಿದೆ, ಅದು ಗಾಲಿ ಜೊತೆ ಇರುತ್ತದೆ. ಲೋಡು ಬಿದ್ದು ಛಾಸಿ ಕೆಳಗೆ ಕೂತರೆ, ಛಾಸಿಯ ಲೆಕ್ಕದಲ್ಲಿ ಆಕ್ಸಲ್ ಮೇಲೆ ಬಂದ ಹಾಗೆ. ಆಗ ಶಾಫ್ಟಿನ ಹಿಂದಿನ ತುದಿ ಏತದ ಮರದ ಹಾಗೆ ಮೇಲೇಳುತ್ತದೆ. ಮುಂದಿನ ತುದಿಯಲ್ಲಿ ಏರಿಕೆ ಇಲ್ಲ, ನಡುವೆ ಅರ್ಧ, ಹಿಂದೆ ಪೂರ್ತಿ.

ನಮ್ಮ ಗಾಡಿಯ ಅಳತೆ ಹೀಗಿತ್ತು. ಶಾಫ್ಟ್ 54 ಇಂಚು ಉದ್ದ. ಅದರ ಮೇಲೆ ಛಾಸಿಯ ಅಡ್ಡ ಚಾನೆಲ್ ಹೋಗುವುದು ಮುಂದಿನಿಂದ 36 ಇಂಚಿಗೆ, ಅಂದರೆ ಮೂರರಲ್ಲಿ ಎರಡು ಪಾಲು. ಆಕ್ಸಲ್ 3 ಇಂಚು ಮೇಲೆ ಬಂದರೆ ಚಾನೆಲ್ ಹತ್ತಿರ ಶಾಫ್ಟ್ 2 ಇಂಚು ಏರುತ್ತದೆ.

ಪ್ಲೇಟು ತೆಗೆಯುವ ಮುಂಚೆ ಖಾಲಿ ಗಾಡಿಯಲ್ಲಿ ಚಾನೆಲ್‌ಗೂ ಶಾಫ್ಟಿಗೂ 4 ಇಂಚು ಸಂದು. ಆಕ್ಸಲ್ ನಾಲ್ಕೂವರೆ ಇಂಚು ಏರಿದರೆ ಬಂಪ್ ರಬ್ಬರಿಗೆ ತಾಗುತ್ತಿತ್ತು. ಆಗ ಚಾನೆಲ್ ಹತ್ತಿರ ಶಾಫ್ಟ್ 3 ಇಂಚು ಏರಿ, ಇನ್ನೂ 1 ಇಂಚು ಸಂದು ಉಳಿಯುತ್ತಿತ್ತು. ಕಂಪನಿಯವರು ಲೆಕ್ಕ ಹಾಕಿಯೇ ಇಟ್ಟ ಜಾಗ ಅದು. ಆ ರಬ್ಬರಿನ ದಪ್ಪ 3 ಇಂಚು. ಅದನ್ನು ಕಿತ್ತ ಮೇಲೆ ಆಕ್ಸಲ್ ಏಳೂವರೆ ಇಂಚು ಏರಬಹುದು. ಚಾನೆಲ್ ಹತ್ತಿರ ಶಾಫ್ಟ್ 5 ಇಂಚು ಏರಬೇಕು. ಇರುವ ಜಾಗ 4 ಇಂಚು. ಇನ್ನೇನಾಗುತ್ತದೆ?

"ಯಜಮಾನ್ರೆ, ಈ ರಬ್ಬರು ಬರೀ ಸದ್ದು ತಡೆಯೋಕಲ್ಲ. ಶಾಫ್ಟಿಗೆ ಕಾವಲು ಇದು. ಕಾವಲುಗಾರನ್ನ ಓಡಿಸಿ ಕಳ್ಳ ಬಂದ ಅಂದ್ರೆ ಹೆಂಗೆ?" ಅಂದರು ಮೇಸ್ತ್ರಿ.

ತಗ್ಗಿಸಿದ ಗಾಡಿ ಕೊಂಡಿದ್ದರೆ ಏನು ನೋಡಬೇಕು

ಹಳೇ ಗಾಡಿ ಕೊಳ್ಳುವಾಗ ಹಿಂದಿನವರು ಏನು ಮಾಡಿಸಿದ್ದಾರೋ ಗೊತ್ತಿರುವುದಿಲ್ಲ. ಮೇಸ್ತ್ರಿ ಹೇಳಿಕೊಟ್ಟದ್ದನ್ನು ಸಾಲಾಗಿ ಬರೆದಿದ್ದೇನೆ.

1. ಖಾಲಿ ಗಾಡಿಯಲ್ಲಿ ಅಳೆದು ಸಮಾಧಾನ ಪಡಬೇಡಿ. ನೀವು ಹೊರುವಷ್ಟು ಲೋಡು ಹಾಕಿ, ಸಮ ನೆಲದಲ್ಲಿ ಗಾಲಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ ಅಳೆಯಿರಿ. ಆಕ್ಸಲ್ ಇನ್ನೆಷ್ಟು ಏರಲು ಜಾಗ ಇದೆ ನೋಡಿ, ಮೇಲಿನ ಏತದ ಲೆಕ್ಕ ಹಾಕಿ. ಪೂರ್ತಿ ಏರಿದಾಗಲೂ ಶಾಫ್ಟಿನ ಸುತ್ತ 1 ಇಂಚಾದರೂ ಸಂದು ಉಳಿಯಬೇಕು. ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿ.

2. ಲೆಕ್ಕ ಬೇಡ ಅನ್ನುವವರಿಗೆ ಇನ್ನೊಂದು ದಾರಿ. ಶಾಫ್ಟಿನ ನೇರಕ್ಕೆ ಚಾನೆಲ್ ಅಡಿಯಲ್ಲಿ ಹಸಿ ಜೇಡಿಮಣ್ಣನ್ನು 1 ಇಂಚು ದಪ್ಪಕ್ಕೆ ಮೆತ್ತಿ. ಲೋಡು ಹಾಕಿ ನಡಿಗೆಯ ವೇಗದಲ್ಲಿ ಒಂದು ಹಂಪು ದಾಟಿಸಿ. ಮಣ್ಣು ಸವರಿಕೊಂಡು ಹೋಗಿದ್ದರೆ ಜಾಗ ಸಾಲದು ಎಂದರ್ಥ. ನಿಧಾನಕ್ಕೇ ಸವರಿದರೆ ವೇಗದಲ್ಲಿ ಹೊಡೆದೇ ಹೊಡೆಯುತ್ತದೆ.

3. ಚಾನೆಲ್ ಅಡಿಯಲ್ಲಿ, ಶಾಫ್ಟಿನ ಮೈಮೇಲೆ ಹೊಳೆಯುವ ಗೀರು ಇದೆಯೇ ನೋಡಿ. ಶಾಫ್ಟ್ ತಗ್ಗು ಬಿದ್ದಿದ್ದರೆ, ಬಾಗಿದ್ದರೆ ಅದನ್ನು ನಂಬಬೇಡಿ. ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಪೈಪು ಶಾಫ್ಟಿಗೆ ಹತ್ತಿರ ಇದ್ದರೆ ದೂರ ಕಟ್ಟಿಸಿ.

4. ಶಾಫ್ಟಿನಲ್ಲಿ ಒಳಗೆ ಹೊರಗೆ ಜಾರುವ ಹಲ್ಲಿನ ಭಾಗ ಇರುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡಿದ ಹಾಗೆ ಅದು ಜಾರಬೇಕು. ಲೋಡು ಇದ್ದಾಗಲೂ ಒಳಗೆ ಜಾರಲು ಸ್ವಲ್ಪ ಜಾಗ ಇರಬೇಕು. ಇಲ್ಲದಿದ್ದರೆ ಗೇರ್ ಬಾಕ್ಸಿನ ಬೇರಿಂಗಿಗೆ ಗುದ್ದು ಬೀಳುತ್ತದೆ.

5. ಗೇರ್ ಬಾಕ್ಸಿನಿಂದ ಹೊರಬರುವ ಕಂಬಿ ಮತ್ತು ಆಕ್ಸಲ್‌ನ ಮೂತಿ ಒಂದಕ್ಕೊಂದು ಸಮಾನಾಂತರ ಇರಬೇಕು. ಓರೆಯಾಗಿ ತಿರುಗುವ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಎರಡೂ ತುದಿಯ ಓರೆ ಸಮ ಇದ್ದರೆ ಒಂದರ ತಪ್ಪನ್ನು ಇನ್ನೊಂದು ಸರಿಮಾಡುತ್ತದೆ. ಸಮ ಇಲ್ಲದಿದ್ದರೆ ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ. ಹಾಗೆಯೇ ಶಾಫ್ಟ್ ಬಿಚ್ಚುವ ಮುಂಚೆ ಎರಡು ತುಂಡಿಗೂ ಸೇರುವ ಹಾಗೆ ಒಂದು ಗುರುತು ಹಾಕಿ. ಒಂದು ಹಲ್ಲು ತಪ್ಪಿಸಿ ಸೇರಿಸಿದರೂ ನಡುಕ ಬರುತ್ತದೆ.

6. ಕೆಲವು ಪಿಕಪ್ಪುಗಳಲ್ಲಿ ಲೋಡು ನೋಡಿ ಹಿಂದಿನ ಬ್ರೇಕ್ ಹೆಚ್ಚು ಕಡಿಮೆ ಮಾಡುವ ಒಂದು ವಾಲ್ವ್ ಇರುತ್ತದೆ. ಛಾಸಿಗೂ ಆಕ್ಸಲ್‌ಗೂ ಇರುವ ದೂರವೇ ಅದಕ್ಕೆ ಅಳತೆ. ಗಾಡಿ ತಗ್ಗಿಸಿದರೆ ಖಾಲಿ ಇದ್ದರೂ ಲೋಡು ಇದೆ ಎಂದು ತಿಳಿದುಕೊಂಡು ಹಿಂದಿನ ಗಾಲಿಗೆ ಬ್ರೇಕ್ ಹೆಚ್ಚು ಕೊಡುತ್ತದೆ. ಮಳೆಯಲ್ಲಿ ಗಾಡಿ ಜಾರಲು ಅಷ್ಟು ಸಾಕು. ಇನ್ನು ಕೆಲವು ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಶಾಫ್ಟನ್ನೇ. ಶಾಫ್ಟ್ ಮುರಿದರೆ ಹ್ಯಾಂಡ್ ಬ್ರೇಕೂ ಇಲ್ಲ.

ಅಮೆರಿಕದವರು ಅಡ್ಡ ಚಾನೆಲ್ ಕತ್ತರಿಸಿ, ಕಮಾನಿನ ಹಾಗೆ ಬಾಗಿಸಿದ ದಪ್ಪ ತಗಡು ಬೆಸೆದು ಶಾಫ್ಟಿಗೆ ಜಾಗ ಮಾಡುತ್ತಾರಂತೆ. ನಮ್ಮದಕ್ಕೂ ಹಾಗೆ ಮಾಡಬಹುದೇ ಎಂದು ಮಗ ಕೇಳಿದ. ಮೇಸ್ತ್ರಿ ಬೇಡವೇ ಬೇಡ ಎಂದರು. ಅವರದು ಶೋಕಿ ಗಾಡಿ, ಭಾರ ಹೊರುವುದಿಲ್ಲ. ನಮ್ಮದು ಟನ್ ಹೊತ್ತು ಹಳ್ಳ ದಾಟಬೇಕು. ಛಾಸಿಯ ಎರಡು ಕಡೆಯನ್ನು ಹಿಡಿದಿರುವುದೇ ಅಡ್ಡ ಚಾನೆಲ್. ಅದನ್ನು ಕೊರೆದರೆ ಛಾಸಿ ತಿರುಚಿಕೊಳ್ಳುತ್ತದೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿದಿದೆ. ಅಪಘಾತವಾದರೆ ವಿಮೆಗೂ ತಕರಾರು ಬರಬಹುದು.

ಕೊನೆಗೆ ಮಾಡಿದ್ದು

ತೆಗೆದ ಪ್ಲೇಟುಗಳನ್ನು ಮತ್ತೆ ಹಾಕಿಸಿದೆವು. ಹೊಸ ಯು-ಬೋಲ್ಟು, ಹೊಸ ಬಂಪ್ ರಬ್ಬರು, ಎರಡು ಕ್ರಾಸ್, ಬ್ರೇಕ್ ಪೈಪು, ಶಾಫ್ಟ್ ನೇರ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದ್ದು, ಕೂಲಿ ಎಲ್ಲ ಸೇರಿ 11,400 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. ಹೊಸ ಯು-ಬೋಲ್ಟಿನ ನಟ್ಟುಗಳನ್ನು ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿದೆವು. ಇದನ್ನು ಮರೆಯಬೇಡಿ.

ತುಂಬುವ ತೊಂದರೆಗೆ ಹೆಂಡತಿಯ ಮಾತೇ ಪರಿಹಾರವಾಯಿತು. ಕಣದ ಪಕ್ಕ 15 ಅಡಿ ಉದ್ದಕ್ಕೆ ಇಳಿಜಾರು ತೋಡಿದೆವು. ಆಳ ಸೊನ್ನೆಯಿಂದ ಶುರುವಾಗಿ ಕೊನೆಯಲ್ಲಿ 20 ಇಂಚು. ಅಗಲ ಗಾಡಿಗಿಂತ ಎರಡು ಅಡಿ ಹೆಚ್ಚು. ಕೊನೆಯ ಗೋಡೆಗೆ ಹೊಲದ ಕಲ್ಲು ಕಟ್ಟಿದೆವು. ಮಳೆ ನೀರು ಹರಿದು ಹೋಗಲು ಒಂದು ಮೂಲೆಯಲ್ಲಿ ಕಾಲುವೆ ಬಿಟ್ಟೆವು. ಪಿಕಪ್ಪನ್ನು ಹಿಂದಕ್ಕೆ ಇಳಿಸಿ, ಗಾಲಿಗೆ ಕಲ್ಲು ಕೊಟ್ಟರೆ ತೊಟ್ಟಿ ಕಣದ ನೆಲದಿಂದ ಬರೀ 11 ಇಂಚು ಎತ್ತರ. ಹಲಗೆ ಹಾಕಿದರೆ ಕುರಿ ತಾನೇ ಹತ್ತುತ್ತದೆ. ಲೋಡು ಹೊತ್ತ ಗಾಡಿ ಮೊದಲನೇ ಗೇರಿನಲ್ಲಿ ಸಲೀಸಾಗಿ ಮೇಲೆ ಬರುತ್ತದೆ. ನಾನು, ಮಗ ಇಬ್ಬರೇ ಮೂರು ದಿನದಲ್ಲಿ ಮಾಡಿದ ಕೆಲಸ. ದುಡ್ಡು ಖರ್ಚಾಗಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಹಾಗೆ, ತುಂಬುವ ಕಷ್ಟಕ್ಕೆ ನಾವು ಗಾಡಿಗೆ ಬರೆ ಹಾಕಿದ್ದೆವು. ತಗ್ಗಿಸಬೇಕಾಗಿದ್ದುದು ಗಾಡಿಯನ್ನಲ್ಲ, ನೆಲವನ್ನು. ನಿಮ್ಮ ಗಾಡಿ ಕೆಳಗೆ ಆ ರಬ್ಬರು ಇದೆಯೋ ಇಲ್ಲವೋ, ಮುಂದಿನ ಲೋಡು ಹಾಕುವ ಮುಂಚೆ ಒಂದು ಸಲ ಬಗ್ಗಿ ನೋಡಿ.